ಮಧ್ಯಾಹ್ನದ ಮಾತ್ರೆ

ಸೋಮವಾರ ಬೆಳಿಗ್ಗೆ ಬಣ್ಣದ ಭಾವನ ಹೆಂಡತಿ ನನ್ನ ಕಿಟಕಿಗೆ ಬಂದು ತಲೆಸುತ್ತಿಗೆ ಮಾತ್ರೆ ಕೇಳಿದಾಗ ನಾನು ಅವಳ ಮೇಲೆ ಹರಿಹಾಯ್ದೆ. ಅವಳ ತಪ್ಪೇನೂ ಇರಲಿಲ್ಲ. ಕೋಪ ಇದ್ದದ್ದು ಡಾಕ್ಟರ ಮೇಲೆ. ಕೈಗೆ ಸಿಕ್ಕಿದವಳು ಅವಳು.

"ಚೀಟಿ ಎಲ್ಲಿ?" ಎಂದೆ.

"ಚೀಟಿ ಇಲ್ಲ ತಂಗಿ. ಅವರಿಗೇ ತಲೆಸುತ್ತು. ನೆನ್ನೆಯಿಂದ ಎದ್ದರೆ ಗೋಡೆ ಹಿಡ್ಕೋತಾರೆ. ಏನಾದ್ರೂ ಒಂದೆರಡು..."

"ಇದೇನು ಪೆಪ್ಪರ್‌ಮೆಂಟ್ ಅಂಗಡೀನಾ, ಕೇಳಿದವರಿಗೆಲ್ಲ ಎತ್ತಿ ಕೊಡೋಕೆ? ಟೋಕನ್ ತಗೊಂಡು ಅವರನ್ನೇ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ಜಾಗ ಬಿಡಿ. ಹಿಂದೆ ಹನ್ನೊಂದು ಜನ ನಿಂತಿದ್ದಾರೆ."

ಅವಳು ಇನ್ನೂ ಏನೋ ಹೇಳಲು ಬಾಯಿ ತೆರೆದಳು. ನಾನು ಹಿಂದಿನವನ ಚೀಟಿಗೆ ಕೈಚಾಚಿದೆ. ಮತ್ತೆ ತಲೆ ಎತ್ತಿದಾಗ ಅವಳಿರಲಿಲ್ಲ.

ನಮ್ಮದು ದೊಡ್ಡ ಆಸ್ಪತ್ರೆಯಲ್ಲ. ಒಬ್ಬರೇ ಡಾಕ್ಟರು, ಮೂರು ಕೋಣೆ. ಮುಂದಿನ ಕೋಣೆಯಲ್ಲಿ ಟೋಕನ್ ಕೊಡುವ ತಾತ. ಹಿಂದಿನದರಲ್ಲಿ ಡಾಕ್ಟರು. ನಡುವೆ ನನ್ನ ಔಷಧಿ ಕೋಣೆ, ಅದಕ್ಕೊಂದು ಕಿಟಕಿ. ಇಪ್ಪತ್ತೆರಡು ವರ್ಷದಿಂದ ನಾನು ಆ ಕಿಟಕಿಯ ಹಿಂದೆ ಇದ್ದೇನೆ. ಜನ ನನ್ನನ್ನು ಮೆಣಸಿನಕಾಯಿ ಅನ್ನುತ್ತಾರೆ. ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾರೆ.

ಡಾಕ್ಟರ ಜೊತೆ ಜಗಳ ಆಗಿದ್ದು ಪತ್ರಗಳ ವಿಷಯಕ್ಕೆ. ನಮ್ಮ ರೋಗಿಗಳು ದೊಡ್ಡಾಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿ ಬಂದರೆ ಅಲ್ಲಿಂದ ನಮಗೊಂದು ಪತ್ರ ಬರುತ್ತದೆ. ಏನಾಗಿತ್ತು, ಯಾವ ಮಾತ್ರೆ ಹೊಸದು, ಯಾವುದು ನಿಲ್ಲಬೇಕು ಎಲ್ಲ ಅದರಲ್ಲಿರುತ್ತದೆ. ಅದು ನೇರವಾಗಿ ಡಾಕ್ಟರ ಡ್ರಾಯರಿಗೆ ಹೋಗಿ ಬೀಳುತ್ತಿತ್ತು. ಮಾತ್ರೆ ಕೊಡುವವಳು ನಾನು, ನನಗೇ ಸುದ್ದಿ ಇಲ್ಲ. ಪತ್ರ ಮೊದಲು ನನ್ನ ಕೈಗೆ ಬರಲಿ, ನಾನು ರೋಗಿಯ ಕಾರ್ಡಿನ ಜೊತೆ ಹೋಲಿಸಿ ನೋಡುತ್ತೇನೆ ಎಂದು ವರ್ಷದಿಂದ ಹೇಳುತ್ತಿದ್ದೆ. ಕಳೆದ ಬುಧವಾರ ಡಾಕ್ಟರು ರೋಗಿಗಳೆದುರಿಗೇ, "ಆಯ್ತಮ್ಮಾ, ಪತ್ರ ಎಲ್ಲ ನೀವೇ ಓದಿ, ಹಾಗೇ ನನ್ನ ಕುರ್ಚೀಲೂ ಕೂತ್ಕೊಳ್ಳಿ. ನಾನು ಕಿಟಕೀಲಿ ಕೂತು ಮಾತ್ರೆ ಎಣಿಸ್ತೀನಿ" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮೈ ಉರಿದುಹೋಯಿತು. ಇನ್ನು ನಾನು ಒಂದೇ ಒಂದು ಪತ್ರ ಮುಟ್ಟಿದರೆ ಕೇಳಿ ಎಂದು ಕಿಟಕಿಯ ಬಾಗಿಲು ರಪ್ಪನೆ ಹಾಕಿದ್ದೆ.

ಗುರುವಾರದಿಂದ ಬಂದ ಪತ್ರಗಳನ್ನು ತಾತ ನಮ್ಮಿಬ್ಬರ ಬಾಗಿಲುಗಳ ನಡುವಿನ ಸ್ಟೂಲಿನ ಮೇಲೆ ಇಡುತ್ತಾ ಬಂದರು. ಡಾಕ್ಟರು ಅದನ್ನು ದಾಟಿ ಓಡಾಡಿದರು. ನಾನೂ ದಾಟಿ ಓಡಾಡಿದೆ.

ಹನ್ನೊಂದೂವರೆಗೆ ಸಾಲು ಕರಗಿತು. ತಾತ ಸೊಂಟಕ್ಕೆ ಕೈಕೊಟ್ಟುಕೊಂಡು ಬಂದರು.

"ಈ ಸ್ಟೂಲು ನಂದು. ನಾಲ್ಕು ದಿನದಿಂದ ಪತ್ರ ಕೂತಿದೆ, ನಾನು ನಿಂತಿದ್ದೀನಿ" ಎಂದರು.

"ಡಾಕ್ಟರಿಗೆ ಹೇಳಿ."

"ಅವರು ನಿನಗೆ ಹೇಳು ಅಂದ್ರು. ಮೂವತ್ತು ವರ್ಷ ಊರಿಗೆಲ್ಲ ಪತ್ರ ಹಂಚಿದ್ದೀನಿ ಕಣಮ್ಮಾ. ವಿಳಾಸ ಸರಿಯಿಲ್ಲದೆ ಬಿದ್ದಿರೋ ಪತ್ರ ನೋಡಿದ್ದೀನಿ. ಸರಿಯಾದ ಮನೆಗೆ ಬಂದು, ಹೊಸ್ತಿಲ ಮೇಲೇ ಕೊಳೀತಿರೋ ಪತ್ರ ಇಲ್ಲೇ ನೋಡಿದ್ದು."

ಅವರ ಸೊಂಟದ ಮೇಲಿನ ಕನಿಕರಕ್ಕೆ ಆ ಕಟ್ಟನ್ನು ಎತ್ತಿಕೊಂಡು ಒಳಗೆ ತಂದೆ. ಓದುವ ಮನಸ್ಸಿರಲಿಲ್ಲ. ಕೈ ಸುಮ್ಮನಿರದೆ ಒಂದೊಂದೇ ತಿರುವಿ ಹಾಕಿತು. ಮೂರನೆಯದು ಬಣ್ಣದ ಭಾವನದು.

ಭಾವ ಎಂದರೆ ನನ್ನ ಸ್ವಂತ ಭಾವನಲ್ಲ. ಕಟ್ಟಡಗಳಿಗೆ ಬಣ್ಣ ಬಳಿಯುವ ಕೆಲಸ ಅವನದು. ಅವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದುದರಿಂದ ಅವನು ಭಾವನಾದ. ಹನ್ನೊಂದು ವರ್ಷದಿಂದ ಎದೆಬಡಿತ ನಿಧಾನ ಮಾಡುವ ಮಾತ್ರೆ ನಮ್ಮಲ್ಲೇ ತೆಗೆದುಕೊಳ್ಳುತ್ತಿದ್ದಾನೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಪತ್ರದ ಪ್ರಕಾರ ಹೋದ ವಾರ ಎದೆನೋವು ಬಂದು ದೊಡ್ಡಾಸ್ಪತ್ರೆಗೆ ಸೇರಿದ್ದ, ಬುಧವಾರ ಬಿಟ್ಟಿದ್ದರು. ನಮಗೆ ಗೊತ್ತೇ ಇಲ್ಲ. ಹೊಸ ಮಾತ್ರೆಗಳ ಸಾಲಿನಲ್ಲಿ ಒಂದು ಹೆಸರು ಕಣ್ಣಿಗೆ ಬಿತ್ತು, ದಿನಕ್ಕೊಂದು, ಮಧ್ಯಾಹ್ನ ಊಟಕ್ಕೆ ಮುಂಚೆ. ಹೆಸರು ಬೇರೆ, ಕಂಪನಿ ಬೇರೆ. ಒಳಗಿನ ಮದ್ದು ನಾನು ಕೊಡುವುದೇ. ಪ್ರಮಾಣ ನಮ್ಮದರ ಎರಡರಷ್ಟು.

ಅದರ ಕೆಳಗೆ ಬರೆದಿತ್ತು: ಹಿಂದಿನ ಮಾತ್ರೆಗಳ ಹೆಸರು ತಿಳಿದುಬಂದಿಲ್ಲ, ಮನೆಯವರು ತಂದ ತುಂಡುಗಳ ಮೇಲೆ ಏನೂ ಮುದ್ರಿತವಾಗಿಲ್ಲ, ಕುಟುಂಬ ವೈದ್ಯರು ದಯವಿಟ್ಟು ಕೂಡಲೇ ಪರಿಶೀಲಿಸಿ ಪುನರಾವರ್ತನೆ ಇದ್ದರೆ ನಿಲ್ಲಿಸುವುದು.

ಭಾವನ ಕಾರ್ಡು ತೆಗೆದು ಪತ್ರದ ಪಕ್ಕ ಇಟ್ಟೆ.

ಆ ತುಂಡುಗಳು ನಾನು ಕತ್ತರಿಸಿದವು. ಭಾವ ವಾರಕ್ಕೊಮ್ಮೆ ಬರುತ್ತಾನೆ, ವಾರಕ್ಕೆ ಬೇಕಾದಷ್ಟೇ ಒಯ್ಯುತ್ತಾನೆ. ಹತ್ತರ ಸ್ಟ್ರಿಪ್‌ನಿಂದ ಬೆಳಿಗ್ಗೆಗೆ ಏಳು, ಇನ್ನೊಂದರಿಂದ ರಾತ್ರಿಗೆ ಏಳು ಕತ್ತರಿಸಬೇಕು. ಆ ಮಾತ್ರೆಯ ಹೆಸರು, ಮುಗಿಯುವ ತಾರೀಕು ಎಲ್ಲ ಒಂದು ತುದಿಯಲ್ಲಿ ಮಾತ್ರ ಅಚ್ಚಾಗಿರುತ್ತದೆ. ಉಳಿದ ಮೂರು ಮೂರು ಮಾತ್ರೆ ನನ್ನ ಕಪಾಟಿಗೆ ವಾಪಸ್ ಹೋಗುವುದರಿಂದ ಹೆಸರಿನ ತುದಿಯನ್ನು ನಾನೇ ಇಟ್ಟುಕೊಳ್ಳುತ್ತಿದ್ದೆ. ನನ್ನ ಕಪಾಟಿನಲ್ಲಿ ಹೆಸರಿಲ್ಲದ ತುಂಡು ಒಂದೂ ಇರಕೂಡದು. ತಪಾಸಣೆಗೆ ಬಂದವರು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ನನ್ನ ಕಡೆ ಬೆರಳು ತೋರಿಸಿಲ್ಲ. ರೋಗಿಯ ಕೈಗೆ ಬೋಳು ತುಂಡು ಹೋಗುತ್ತಿತ್ತು. ಲಕೋಟೆಯ ಮೇಲೆ ಬೆಳಿಗ್ಗೆಗೆ ಒಂದು ಗೆರೆ, ರಾತ್ರಿಗೆ ಎರಡು ಗೆರೆ ಎಳೆದು ಕೊಟ್ಟರೆ ನನ್ನ ಕೆಲಸ ಮುಗಿಯಿತು.

ಬುಧವಾರದಿಂದ ಸೋಮವಾರ. ದಿನಕ್ಕೆ ಬೇಕಾದದ್ದರ ಎರಡರಷ್ಟು. ಬೆಳಿಗ್ಗೆ ಹೆಂಡತಿ ಬಂದು ತಲೆಸುತ್ತು ಎಂದಿದ್ದಳು. ನಾನು ಪೆಪ್ಪರ್‌ಮೆಂಟ್ ಎಂದಿದ್ದೆ.

ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಡಾಕ್ಟರ ಬಾಗಿಲು ತಟ್ಟದೆ ಒಳಗೆ ನುಗ್ಗಿದೆ. ಯಾರದೋ ಗಂಟಲಿಗೆ ಟಾರ್ಚ್ ಬಿಡುತ್ತಿದ್ದರು.

"ಏನಮ್ಮಾ ಇದು, ರೋಗಿ ಇದ್ದಾರೆ."

"ಇನ್ನೊಬ್ಬ ರೋಗಿ ಇರ್ತಾನೋ ಇಲ್ವೋ ಅಂತ ಬಂದಿದ್ದೀನಿ" ಎಂದು ಪತ್ರ ಮುಂದೆ ಹಿಡಿದೆ.

ಅವರು ಓದಿದರು. ಟಾರ್ಚ್ ಆರಿಸುವುದನ್ನೂ ಮರೆತರು. "ಎಲ್ಲಿದ್ದಾನೆ ಈಗ?"

"ಫೋನ್ ಎತ್ತಲ್ಲ. ಮನೆ ಗೊತ್ತು ನನಗೆ."

"ನಾಡಿ ಎಷ್ಟಕ್ಕೆ ಇಳಿದಿದೆಯೋ. ಇವತ್ತಿನ ಮಧ್ಯಾಹ್ನದ್ದು ನುಂಗೋದಕ್ಕೆ ಮುಂಚೆ ಹಿಡೀಬೇಕು. ಓಡಿ. ಹಾಗೇ ಕರ್ಕೊಂಡು ಬನ್ನಿ."

ಗಡಿಯಾರ ನೋಡಿದೆ. ಹನ್ನೆರಡಕ್ಕೆ ಹತ್ತು ನಿಮಿಷ. ಕಿಟಕಿ ಮುಚ್ಚಿದೆ. ಆಗ ತಾನೇ ಬಂದ ಒಬ್ಬ, "ನಮ್ಮ ಔಷಧಿ?" ಎಂದ. ತಾತ ಅವನಿಗೆ, "ನೀವು ಕೂತ್ಕೊಳ್ಳಿ, ಸ್ಟೂಲು ಖಾಲಿ ಆಗಿದೆ" ಎನ್ನುತ್ತಿದ್ದುದು ಬೆನ್ನ ಹಿಂದೆ ಕೇಳಿಸಿತು.

ಬೀದಿಯಲ್ಲಿ ಬಿಸಿಲು ಸುರಿಯುತ್ತಿತ್ತು. ಕೈ ಅಡ್ಡ ಹಾಕಿದರೂ ಆಟೊ ನಿಲ್ಲಲಿಲ್ಲ. ನಡೆದೆ, ಸ್ವಲ್ಪ ದೂರ ಓಡಿದೆ, ಮತ್ತೆ ನಡೆದೆ. ಐವತ್ತು ವರ್ಷದ ಹೆಂಗಸು ಬಿಳಿ ಕೋಟು ಹಾಕಿಕೊಂಡು ಓಡಿದರೆ ಜನ ಹಿಂದೆ ಏನು ಬರುತ್ತಿದೆ ಎಂದು ನೋಡುತ್ತಾರೆ. ನಡುದಾರಿಯಲ್ಲಿ ಇನ್ನೊಮ್ಮೆ ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು.

ಅವರ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲೆ. ಮೆಟ್ಟಿಲು ಹತ್ತುತ್ತಾ ಮತ್ತೆ ಫೋನ್ ಮಾಡಿದೆ, ಒಳಗಿನಿಂದ ಅದರ ಸದ್ದು ಕೇಳಿಸಿತು. ಬಾಗಿಲು ತೆರೆದೇ ಇತ್ತು. ಅಕ್ಕ ಊಟದ ಡಬ್ಬಿ ತುಂಬುತ್ತಿದ್ದಳು. ಫೋನು ಗೂಡಿನಲ್ಲಿ ಕುಣಿಯುತ್ತಿತ್ತು.

"ಫೋನ್ ಎತ್ತಬಾರದಾ ಅಕ್ಕಾ!" ಎಂದೆ, ಏದುಸಿರು ಬಿಡುತ್ತಾ.

"ಅದು ಅವರ ಫೋನು. ಬಣ್ಣ ಮೆತ್ಕೊಳ್ಳುತ್ತೆ ಅಂತ ಬಿಟ್ಟು ಹೋಗ್ತಾರೆ. ಎತ್ತಿದ್ರೆ ಯಾರೋ ಗೋಡೆ ಅಳತೆ ಹೇಳ್ತಾರೆ, ನನಗೇನು ಗೊತ್ತಾಗುತ್ತೆ?" ನನ್ನ ಮುಖ ನೋಡಿದಳು. "ಏನಾಯ್ತು? ಬೆಳಿಗ್ಗೆ ಓಡಿಸಿದೋಳು ಈಗ ಓಡಿ ಬಂದಿದ್ದೀಯಲ್ಲ."

"ಭಾವ ಎಲ್ಲಿ?"

"ಕೆಲಸಕ್ಕೆ."

"ಕೆಲಸಕ್ಕಾ? ಗೋಡೆ ಹಿಡ್ಕೋತಾರೆ ಅಂದ್ರಿ!"

"ಹಿಡ್ಕೊಂಡೇ ಹೋದ್ರು. ಮನೇಲಿ ಕೂತ್ರೆ ರೋಗ ಜಾಸ್ತಿ ಆಗುತ್ತಂತೆ. ಅವರ ನಾಲಿಗೆ ಜೊತೆ ನಾನು ಗೆದ್ದಿದ್ದು ಯಾವತ್ತು?"

ಮಾತ್ರೆಗಳನ್ನು ತೋರಿಸಿ ಎಂದೆ. ಅವಳು ಗೋಡೆಯ ಮೊಳೆಯಲ್ಲಿದ್ದ ಬಟ್ಟೆಯ ಚೀಲ ತಂದು ಬಿಸ್ಕತ್ ಡಬ್ಬಿಯೊಂದನ್ನು ಹೊರತೆಗೆದಳು. ಅದರಲ್ಲಿ ನನ್ನ ಬೋಳು ತುಂಡುಗಳು, ದೊಡ್ಡಾಸ್ಪತ್ರೆಯ ಹೊಳೆಯುವ ಸ್ಟ್ರಿಪ್‌ಗಳು ಎಲ್ಲ ಒಟ್ಟಿಗೆ. ಮಧ್ಯಾಹ್ನದ ಆ ಹೊಸ ಮಾತ್ರೆಯದರಲ್ಲಿ ಐದು ಗುಂಡಿ ಒಡೆದಿದ್ದವು.

"ಐದು? ಬುಧವಾರದಿಂದ ಸೋಮವಾರಕ್ಕೆ..."

"ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ ನುಂಗಿದ್ದು ನಾಲ್ಕು. ಇವತ್ತಿಂದು ಜೇಬಲ್ಲಿ ಹಾಕ್ಕೊಂಡು ಹೋಗಿದ್ದಾರೆ, ಊಟಕ್ಕೆ ಮುಂಚೆ ತಗೋಬೇಕಲ್ಲ."

"ನಮ್ಮ ಮಾತ್ರೇನೂ ನುಂಗ್ತಿದ್ದಾರಾ?"

"ನುಂಗದೆ? ನೀನೇ ಅಲ್ವಾ ಹೇಳಿದ್ದು, ಒಂದು ದಿನ ಬಿಟ್ರೂ ನನ್ನ ಕಿಟಕಿ ಹತ್ರ ಬರಬೇಡಿ ಅಂತ." ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಬೆಳಿಗ್ಗೆ ಇದನ್ನ ಹೀಗೇ ಚೀಲದಲ್ಲಿ ಹಾಕ್ಕೊಂಡೇ ಬಂದಿದ್ದೆ. ಇಷ್ಟೆಲ್ಲ ಆಗಿದೆ, ಯಾವುದು ಬೇಕು ಯಾವುದು ಬೇಡ ನೋಡು ಅಂತ ಕೇಳೋಣ ಅಂತ. ನೀನು ಜಾಗ ಬಿಡಿ ಅಂದೆ. ಬಿಟ್ಟೆ."

ಅವಳು ಅದನ್ನು ಚುಚ್ಚಬೇಕೆಂದು ಹೇಳಲಿಲ್ಲ. ನಡೆದದ್ದು ನಡೆದ ಹಾಗೆ ಹೇಳಿದಳು. ಎರಡೂ ಒಂದೇ ಮದ್ದು, ಇನ್ನೊಂದು ನುಂಗಿದರೆ ಎದೆ ಬಡಿಯುವುದೇ ಕಷ್ಟ ಎಂದೆ. ಅವಳು ಊಟದ ಡಬ್ಬಿ ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದಳು.

"ಎಲ್ಲಿ ಕೆಲಸ?"

"ನೀರಿನ ಟ್ಯಾಂಕ್ ಹತ್ರ. ಮೂರಂತಸ್ತಿನ ಕಟ್ಟಡ, ಹಸಿರು ಗೇಟು."

ಅವಳ ಮಂಡಿ ನೋವಿನ ನಡಿಗೆಗೆ ನನ್ನ ಕಾಲು ಹೊಂದಲಿಲ್ಲ. ನಾನು ಹತ್ತು ಹೆಜ್ಜೆ ಮುಂದೆ ಹೋಗುವುದು, ನಿಲ್ಲುವುದು, ತಿರುಗುವುದು.

"ನೀನು ಹೋಗಿಬಿಡು ತಂಗಿ."

"ಎಲ್ಲಿಗೆ ಹೋಗಲಿ? ಈ ಕಡೆ ಟ್ಯಾಂಕು ಎರಡಿದೆ."

"ಹಳೇ ಟ್ಯಾಂಕು ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ?"

"ಕೂಗಬೇಡ. ಕೂಗಿದ್ರೆ ನನಗೆ ಗೊತ್ತಿರೋದೂ ಮರ್ತುಹೋಗುತ್ತೆ."

ಹಳೇ ಟ್ಯಾಂಕಿನ ಬಳಿ ಹಸಿರು ಗೇಟು ಇತ್ತು. ಒಳಗಿದ್ದದ್ದು ಒಂದಂತಸ್ತಿನ ಗೋದಾಮು. ಕಾವಲುಗಾರ ಬಣ್ಣದವರು ಯಾರೂ ಇಲ್ಲ ಎಂದ. ಹನ್ನೆರಡು ಇಪ್ಪತ್ತೈದು. ಬಂದ ದಾರಿಯಲ್ಲೇ ಅರ್ಧ ವಾಪಸ್ ಹೋಗಿ ಹೊಸ ಟ್ಯಾಂಕಿನ ಕಡೆ ತಿರುಗಿದೆವು. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಅವಳ ಭಾರ ನನ್ನ ಮೇಲೆ ಬೀಳುತ್ತಿತ್ತು. ಬಿದ್ದರೆ ಬೀಳಲಿ, ಬೇಗ ನಡೆದರೆ ಸಾಕಿತ್ತು ನನಗೆ. ನನ್ನ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಬೆಳಿಗ್ಗೆಯದು ಏಳಕ್ಕೆ ನುಂಗಿದ್ದರೆ ಈಗ ಅದು ರಕ್ತದಲ್ಲಿದೆ. ನೆನ್ನೆಯದೂ ಇನ್ನೂ ಇದೆ. ಊಟ ಒಂದು ಗಂಟೆಗೋ, ಅದಕ್ಕೆ ಮುಂಚೆಯೋ? ಹಸಿವಾಗಿ ಬೇಗ ನುಂಗಿಬಿಟ್ಟಿದ್ದರೆ?

ಮೂಲೆ ತಿರುಗಿದೊಡನೆ ಕಂಡ. ಕಟ್ಟಡದ ಮುಂದಿನ ಗೋಡೆಗೆ ಉದ್ದನೆಯ ಬಿದಿರೇಣಿ ಒರಗಿಸಿ, ಎರಡನೇ ಅಂತಸ್ತಿನ ಕಿಟಕಿಯ ಮಟ್ಟದಲ್ಲಿ ನಿಂತಿದ್ದ. ಎಡಗೈ ಏಣಿ ಹಿಡಿದಿತ್ತು. ಬಲಗೈ ಬ್ರಷ್ಷು ಎತ್ತಿ, ಗೋಡೆಗೆ ತಾಕಿಸದೆ ಹಾಗೇ ಗಾಳಿಯಲ್ಲಿ ನಿಂತಿತ್ತು. ಆಮೇಲೆ ಏನೋ ನೆನಪಾದವನಂತೆ ಎರಡು ಸಲ ಎಳೆದ. ಮತ್ತೆ ನಿಂತ.

ನಾನು ಬಾಯಿ ತೆರೆದೆ. ನನ್ನ ಗಂಟಲು ಎಂಥದ್ದೆಂದು ಊರಿಗೇ ಗೊತ್ತು. ಅಕ್ಕ ನನ್ನ ತೋಳನ್ನು ಉಗುರು ನಾಟುವಂತೆ ಹಿಸುಕಿದಳು.

"ನೀನು ಕೂಗಿದ್ರೆ ಬೆಚ್ಚಿ ಬೀಳ್ತಾರೆ. ಸುಮ್ನಿರು."

ಅವಳು ಏಣಿಯ ಬುಡಕ್ಕೆ ಹೋಗಿ, ಮನೆಯಲ್ಲಿ ಪಕ್ಕದ ಕೋಣೆಯಿಂದ ಕರೆದಂತೆ ಕರೆದಳು. "ರೀ, ಊಟ."

ಅವನು ಕೆಳಗೆ ನೋಡಲಿಲ್ಲ. "ಇಷ್ಟು ಬೇಗಾನಾ? ಈ ಕಿಟಕಿ ಅಂಚೊಂದು ಮುಗಿಸಿ ಬರ್ತೀನಿ."

"ಆಮೇಲೆ ಮುಗಿಸಿ. ಬಿಸಿ ಇದೆ."

"ಬಣ್ಣ ಅರ್ಧಕ್ಕೆ ಬಿಟ್ರೆ ಗೆರೆ ಬೀಳುತ್ತೆ ಕಣೆ."

"ಬೀಳಲಿ ಬನ್ನಿ. ನನಗೂ ಹಸಿವು. ಒಟ್ಟಿಗೆ ಉಣ್ಣೋಣ."

"ಏನಿವತ್ತು, ಮದುವೆ ಹೊಸದರಲ್ಲಿ ಕರೆದ ಹಾಗೆ ಕರೀತಿದ್ದೀಯಾ?"

"ಬಂದ್ರೆ ಹೇಳ್ತೀನಿ."

ನಾನು ಎರಡೂ ಕೈಯಿಂದ ಏಣಿಯನ್ನು ಅವುಚಿ ಹಿಡಿದೆ. ಅವನು ಬ್ರಷ್ಷನ್ನು ಡಬ್ಬಕ್ಕೆ ಸಿಕ್ಕಿಸಿ ಒಂದು ಮೆಟ್ಟಿಲು ಇಳಿದ. ಇನ್ನೊಂದು. ಅವನ ಹಿಮ್ಮಡಿಗಳು ಕಾಣುತ್ತಿದ್ದವು, ಒಣಗಿದ ಬಣ್ಣ ಮೆತ್ತಿದ ಹಿಮ್ಮಡಿಗಳು. ಅರ್ಧಕ್ಕೆ ಬಂದು ನಿಂತುಬಿಟ್ಟ. ಹಣೆಯನ್ನು ಮೆಟ್ಟಿಲಿಗೆ ಒತ್ತಿದ. ಏಣಿ ಸಣ್ಣಗೆ ನಡುಗಿತು. ಕೈ ಬಿಡಬೇಡ, ಕಣ್ಣು ಮುಚ್ಚಬೇಡ, ನಿನಗೆ ಬುದ್ಧಿ ಇದೆಯಾ ಎಂದು ನೂರು ಮಾತು ನನ್ನ ಹಲ್ಲಿನ ಹಿಂದೆ ಬಂದು ಗುದ್ದಾಡಿದವು. ಒಂದನ್ನೂ ಬಿಡಲಿಲ್ಲ. ಹಿಂದೆ ಯಾವತ್ತಾದರೂ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದದ್ದು ನನಗೆ ನೆನಪಿಲ್ಲ.

"ಕಾಲು ಜುಮ್ಮಂತಾ?" ಎಂದಳು ಅಕ್ಕ, ಏನೂ ಅವಸರವಿಲ್ಲದವಳಂತೆ.

"ಹೂಂ. ಕತ್ತಲೆ ಬಂದ ಹಾಗಾಯ್ತು."

"ನಿಂತ್ಕೊಳ್ಳಿ ಹಾಗೇ. ಹೋದ ಮೇಲೆ ಇಳೀರಿ. ನಾವೆಲ್ಲೂ ಹೋಗಲ್ಲ."

ಅದು ಹೋಯಿತು. ಇಳಿದ. ಕೊನೆಯ ಮೆಟ್ಟಿಲಿನಲ್ಲಿ ನನ್ನನ್ನು ನೋಡಿ ಹುಬ್ಬೇರಿಸಿದ. "ಇದೇನು, ಮೆಣಸಿನಕಾಯಿ ಇಲ್ಲೀವರೆಗೂ ಬಂದಿದೆ?"

ನಾನು ಅವನನ್ನು ಮರಳಿನ ಗುಡ್ಡೆಯ ಮೇಲೆ ಕೂರಿಸಿ ಮಣಿಕಟ್ಟು ಹಿಡಿದೆ. ತಣ್ಣಗಿತ್ತು. ಒಂದು ಬಡಿತ ಬಂದು, ಮುಂದಿನದು ಬರುತ್ತದೋ ಇಲ್ಲವೋ ಎನ್ನುವಷ್ಟು ಹೊತ್ತು ಕಾಯಿಸಿ ಬಂತು. ಪೂರಾ ಒಂದು ನಿಮಿಷ ಎಣಿಸಿದೆ. ನಲವತ್ತು.

"ಮಧ್ಯಾಹ್ನದ ಮಾತ್ರೆ ನುಂಗಿದ್ರಾ?"

"ಇಲ್ಲ, ಇಲ್ಲಿದೆ." ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ನಾನು ಅದನ್ನು ಕಿತ್ತುಕೊಂಡು ಕೋಟಿನ ಜೇಬಿಗೆ ಹಾಕಿದೆ. ನಾನೂ ಮರಳಿನ ಮೇಲೆ ಕೂತೆ.

"ಊಟ ಎಲ್ಲಿ?" ಎಂದ ಅವನು.

"ಮನೇಲಿ" ಎಂದಳು ಅಕ್ಕ.

ಆಟೊ ಸಿಕ್ಕಿತು. ಡಾಕ್ಟರು ಬಾಗಿಲಲ್ಲೇ ಕಾಯುತ್ತಿದ್ದರು. ಮಲಗಿಸಿ, ಎದೆಗೆ ವೈರು ಅಂಟಿಸಿ, ಕಾಗದದ ಮೇಲಿನ ಗೆರೆಗಳನ್ನು ಎರಡು ಸಲ ನೋಡಿದರು. ದೊಡ್ಡಾಸ್ಪತ್ರೆಗೆ ಫೋನ್ ಮಾಡಿ ಅಲ್ಲಿಯ ಹೃದಯದ ಡಾಕ್ಟರ ಜೊತೆ ಮಾತಾಡಿದರು. ನಿಧಾನ ಬಿಟ್ಟರೆ ಬೇರೆ ಕೆಟ್ಟದ್ದೇನೂ ಕಾಣುತ್ತಿಲ್ಲ, ಎರಡೂ ಮಾತ್ರೆ ನಿಲ್ಲಿಸಿ, ಕಣ್ಣ ಮುಂದೆ ಇಟ್ಟುಕೊಳ್ಳಿ, ಇನ್ನೂ ಇಳಿದರೆ ತಕ್ಷಣ ಗಾಡಿ ಕಳಿಸುತ್ತೇವೆ ಎಂದರಂತೆ.

ನಾನು ಭಾವನ ಮುಂದೆ ನಿಂತು ಹೇಳಿದೆ. ಹೆಸರಿನ ತುದಿ ಕತ್ತರಿಸಿಟ್ಟುಕೊಳ್ಳುತ್ತಿದ್ದವಳು ನಾನು. ಪತ್ರ ನಾಲ್ಕು ದಿನ ಬಿದ್ದಿದ್ದು ನನ್ನ ಹಟಕ್ಕೆ. ಬೆಳಿಗ್ಗೆ ಅಕ್ಕನನ್ನು ಓಡಿಸಿದವಳೂ ನಾನೇ.

"ಪತ್ರ ಬಿದ್ದಿದ್ದು ಇಬ್ಬರ ಹಟಕ್ಕೆ" ಎಂದರು ಡಾಕ್ಟರು ಹಿಂದಿನಿಂದ. ಅವರು ಹಾಗೆ ಹೇಳಿದ್ದು ನನಗೆ ಹಿತವಾಗಲಿಲ್ಲ. ಪಾಲು ಹಂಚಿಕೊಂಡರೆ ನನ್ನದು ಕಡಿಮೆಯಾಗುವುದಿಲ್ಲ.

ಭಾವ ನಕ್ಕ. "ಹೋಗಲಿ ಬಿಡಿ. ನಾನೂ ಒಂದು ಸಲ ನಂಬರ್ ತಪ್ಪಿ ಪಕ್ಕದ ಮನೆಗೆ ಬಣ್ಣ ಹೊಡೆದುಬಿಟ್ಟಿದ್ದೆ. ಸಾಯಂಕಾಲ ಯಜಮಾನ ಬಂದು ತನ್ನ ಮನೆ ಎಲ್ಲಿ ಅಂತ ಹುಡುಕ್ತಿದ್ದ."

ಅಕ್ಕ ನಗಲಿಲ್ಲ. "ಗೋಡೆ ಆದ್ರೆ ಕೆರೆದು ಇನ್ನೊಂದು ಸಲ ಬಳೀಬಹುದು" ಎಂದಳು.

ಅರ್ಧ ಗಂಟೆಗೊಮ್ಮೆ ನಾಡಿ ನೋಡಬೇಕೆಂದು ಡಾಕ್ಟರು ಹೇಳಿದ್ದರು. ನಾನು ಹತ್ತು ನಿಮಿಷಕ್ಕೊಮ್ಮೆ ಹೋದೆ. ಕಿಟಕಿಯಲ್ಲಿ ಯಾರಿಗೋ ಕೆಮ್ಮಿನ ಔಷಧಿ ಕೊಡುವುದು, ಬಂದು ಮಣಿಕಟ್ಟು ಹಿಡಿಯುವುದು. ನಲವತ್ತೆರಡು. ನಲವತ್ತೆರಡು. ನಲವತ್ತೊಂದಾದಾಗ ಡಾಕ್ಟರನ್ನು ಎಬ್ಬಿಸಿಕೊಂಡು ಬಂದೆ. ಅವರು ನೋಡಿ, ಎಣಿಕೆಯಲ್ಲಿ ಒಂದು ಆಚೀಚೆ ಆಗುತ್ತಮ್ಮಾ, ಹೋಗಿ ನೀರು ಕುಡಿಯಿರಿ ಎಂದರು. ನಾಲ್ಕು ಗಂಟೆಗೆ ನಲವತ್ತೆಂಟು. ನಾಲ್ಕೂವರೆಗೆ ಐವತ್ತೊಂದು. ಭಾವ ಗೊರಕೆ ಹೊಡೆಯುತ್ತಿದ್ದ. ಗೊರಕೆ ನಿಂತರೆ ನಾನು ಎದ್ದು ಓಡುತ್ತಿದ್ದೆ.

"ಕೂತ್ಕೋ" ಎಂದಳು ಅಕ್ಕ. ಅವಳು ಗಂಡನ ಕಾಲ ಬಳಿ ಕೂತಿದ್ದಳು. "ನೀನು ಹೀಗೆ ಓಡಾಡಿದ್ರೆ ನನ್ನ ತಲೆ ಸುತ್ತುತ್ತೆ."

ಕೂತೆ. ಕೂರುವುದು ನನಗೆ ಬರುವುದಿಲ್ಲ. ಕಾಲು ತನ್ನಷ್ಟಕ್ಕೇ ಅಲ್ಲಾಡುತ್ತಿತ್ತು. ಅವಳು ಮಾತಿಗೆ ಶುರು ಮಾಡಿದಳು. ಕಟ್ಟಡದ ಮಾಲೀಕನ ಜಿಪುಣತನ, ಸೈಕಲ್ ಅಂಗಡಿಯ ಸದ್ದು, ಮಗಳು ಬಾಣಂತನಕ್ಕೆ ಬಂದಾಗ ಜಾಗ ಸಾಲದೆ ಗಂಡ ಮೆಟ್ಟಿಲ ಮೇಲೆ ಮಲಗಿದ್ದು. ಬೇರೆ ದಿನವಾಗಿದ್ದರೆ ಎರಡನೇ ಮಾತಿಗೇ ವಿಷಯಕ್ಕೆ ಬನ್ನಿ ಎನ್ನುತ್ತಿದ್ದೆ. ಅವತ್ತು ಹೂಂ ಎಂದೆ. ಕಿಟಕಿಯಲ್ಲಿ ಯಾರೋ ಕೆಮ್ಮಿದರು. ಬರುತ್ತೇನೆ, ನಿಂತಿರಿ ಎಂದು ಕೈಸನ್ನೆ ಮಾಡಿ ಮತ್ತೆ ಹೂಂ ಎಂದೆ.

"ಒಳ್ಳೆ ಮಾತ್ರೆ ಕಣೆ ಅದು, ಸುಮ್ನೆ ಹೇಳಬಾರದು" ಎಂದಳು ಮಾತಿನ ನಡುವೆ. "ಮೂರು ದಿನ ಅವರು ಆಸ್ಪತ್ರೇಲಿ ಮಲಗಿದ್ದಾಗ ನನಗೂ ಎದೆ ಡವಡವ ಅಂತಿತ್ತು. ಅರ್ಧ ನುಂಗಿದೆ. ಹಿಡಿದು ನಿಲ್ಲಿಸಿದ ಹಾಗಾಯ್ತು. ಆಮೇಲೆ ದಿನಾ ಅರ್ಧ ತಗೋತಿದ್ದೀನಿ."

ನನ್ನ ನೆತ್ತಿಗೇರಿತು. ಯಾರದೋ ಮಾತ್ರೆಯನ್ನು, ಯಾರನ್ನೂ ಕೇಳದೆ, ಈ ವಯಸ್ಸಿನಲ್ಲಿ! ಬೈಗುಳ ನಾಲಿಗೆಯ ತುದಿಗೇ ಬಂದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಈಗ ಬಾಯಿ ಬಿಟ್ಟರೆ ಅವಳು ಇನ್ನೊಂದು ಅಕ್ಷರ ಹೇಳುವವಳಲ್ಲ. ಉಗುಳು ನುಂಗಿದೆ.

"ಯಾವ ಅರ್ಧ ಅಕ್ಕಾ? ನಾನು ಕೊಟ್ಟಿದ್ದರಲ್ಲೋ, ದೊಡ್ಡಾಸ್ಪತ್ರೆಯವುಗಳಲ್ಲೋ?"

"ಅದೇ ತಂಗಿ ಗೊತ್ತಿಲ್ಲ. ಡಬ್ಬೀಲಿ ಕೈಗೆ ಸಿಕ್ಕಿದ್ದು."

"ಇವತ್ತು?"

"ಬೆಳಿಗ್ಗೆ ನಿನ್ನ ಹತ್ರ ಬಂದು ಹೋದ ಮೇಲೆ."

ಕೈ ಕೊಡಿ ಎಂದೆ. ಕೊಟ್ಟಳು. ಸೀರೆಯ ಸೆರಗು ಸರಿಸಿ ಅವಳ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟೆ, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರಲೆಂದು ಕಾದು, ಒಂದರಿಂದ ಎಣಿಸತೊಡಗಿದೆ.